ಎರಡು ಶೃಂಗಗಳ ನಡುವಿನ ಕಣಿವೆ: ಗ್ನುಪ್ಲಾಟ್‌ನಲ್ಲಿ ಕರ್ವ್ ಫಿಟ್ಟಿಂಗ್ ಮಾಡಿದ ನನ್ನ ಅನುಭವ

ಇಂಗಾಲದ ಪುಡಿಯ ರಾಮನ್ ರೋಹಿತದಲ್ಲಿ (ವಸ್ತುವಿನಿಂದ ಚದುರಿದ ಲೇಸರ್ ಬೆಳಕಿನ ತರಂಗಸಂಖ್ಯೆ ಎಷ್ಟು ಬದಲಾಯಿತೆಂದು ತೋರಿಸುವ ನಕ್ಷೆಯಲ್ಲಿ) ಎರಡು ದೊಡ್ಡ ಶೃಂಗಗಳು ಎದ್ದು ಕಾಣುತ್ತವೆ. ಪ್ರತಿ ಸೆಂಟಿಮೀಟರಿನ ತರಂಗಸಂಖ್ಯೆಯಲ್ಲಿ ಹೇಳುವುದಾದರೆ ಸುಮಾರು 1350ರಲ್ಲಿ ಡಿ, ಸುಮಾರು 1580ರಲ್ಲಿ ಜಿ. ಪದರಗಳ ರಚನೆ ಎಷ್ಟು ಕೆಟ್ಟಿದೆ ಎಂಬುದನ್ನು ಇವೆರಡರ ಅನುಪಾತದಿಂದ ಅಂದಾಜಿಸುವುದು ವಾಡಿಕೆ. ನನಗೆ ಬೇಕಾಗಿದ್ದದ್ದೂ ಆ ಅನುಪಾತವೇ. ಆದರೆ ಶೃಂಗಗಳು ಅಗಲವಾಗಿದ್ದು ಒಂದರ ಬಾಲ ಇನ್ನೊಂದರ ಮೇಲೆ ಬಿದ್ದಿದ್ದರಿಂದ ಕಣ್ಣಳತೆಯಲ್ಲಿ ಎತ್ತರ ಓದುವಂತಿರಲಿಲ್ಲ.

ಎರಡು ಲೊರೆಂಟ್ಜಿಯನ್‌ಗಳನ್ನೂ (ಉದ್ದ ಬಾಲದ ಗಂಟೆಯಾಕಾರದ ರೇಖೆಗಳು) ತಳಕ್ಕೊಂದು ಸರಳರೇಖೆಯನ್ನೂ ಕೂಡಿಸಿ ಎಂಟು ಅಜ್ಞಾತಗಳ ಸೂತ್ರ ಬರೆದು ಅದನ್ನು ದತ್ತಾಂಶಕ್ಕೆ ಹೊಂದಿಸಲು ನಕ್ಷೆ ಬಿಡಿಸುವ ತಂತ್ರಾಂಶವಾದ ಗ್ನುಪ್ಲಾಟ್‌ಗೆ ಫಿಟ್ ಆಜ್ಞೆ ಕೊಟ್ಟೆ. ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಿದೆ (ಅಂದರೆ ಒಂದೇ ಉತ್ತರಕ್ಕೆ ಬರಲಾಗದು) ಎಂದು ದೂರಿ ಗ್ನುಪ್ಲಾಟ್ ನಿಂತುಬಿಟ್ಟಿತು. ಆರಂಭಿಕ ಬೆಲೆ ಕೊಡದಿದ್ದರೆ ಅದು ಪ್ರತಿಯೊಂದು ಅಜ್ಞಾತವನ್ನೂ 1 ಎಂದೇ ಹಿಡಿಯುತ್ತದೆ. ಹಾಗಾಗಿ ನನ್ನ ಎರಡೂ ಶೃಂಗಗಳು ಒಂದೇ ಜಾಗದಲ್ಲಿ, ಒಂದೇ ಅಗಲದಲ್ಲಿ ಹೊರಟಿದ್ದವು, ಅವುಗಳನ್ನು ಬೇರ್ಪಡಿಸಿ ನೋಡಲು ಲೆಕ್ಕಕ್ಕೆ ದಾರಿಯೇ ಇರಲಿಲ್ಲ. ಈ ತಂತ್ರಾಂಶ ಬಳಸುವ ಲೆವೆನ್‌ಬರ್ಗ್–ಮಾರ್ಕ್ವಾರ್ಟ್ ವಿಧಾನ ಕೊಟ್ಟ ಜಾಗದಿಂದ ಇಳಿಜಾರು ಹಿಡಿದು ಇಳಿಯುತ್ತದೆಯೇ ಹೊರತು ಶೃಂಗ ಎಲ್ಲಿದೆಯೆಂದು ತಾನಾಗಿ ಹುಡುಕುವುದಿಲ್ಲ. ನಕ್ಷೆಯ ಮೇಲೆ ಮೌಸ್ ಇಟ್ಟು ಓದಿದ ಕೇಂದ್ರ, ಎತ್ತರ, ಅಗಲಗಳನ್ನು ಕೊಟ್ಟಾಗ ಕೆಲವೇ ಸುತ್ತುಗಳಲ್ಲಿ ಉತ್ತರ ಬಂತು. ಒಂದು ಅಗಲ ಮಾತ್ರ ಋಣ ಸಂಖ್ಯೆಯಾಗಿ ಬಂದಿತ್ತು. ಸೂತ್ರದಲ್ಲಿ ಅಗಲದ ವರ್ಗವಷ್ಟೇ ಇರುವುದರಿಂದ ರೇಖೆಗೆ ಅದರಿಂದ ಬಾಧಕವಿಲ್ಲ, ಆದರೆ ಅದೇ ಸಂಖ್ಯೆಯಿಂದ ವಿಸ್ತೀರ್ಣ ಲೆಕ್ಕ ಹಾಕಿದರೆ ಅದೂ ಋಣವಾಗುತ್ತದೆ.

ರೇಖೆ ದತ್ತಾಂಶದ ಮೇಲೆ ಚೆನ್ನಾಗಿಯೇ ಕೂತಂತೆ ಕಂಡಿತು, ಮತ್ತು ನಾನು ಅಲ್ಲಿಗೆ ನಿಲ್ಲಿಸುವವನಿದ್ದೆ. ದತ್ತಾಂಶದಿಂದ ಹೊಂದಿಕೆಯನ್ನು ಕಳೆದು ಉಳಿಕೆಯನ್ನು ಬೇರೆ ನಕ್ಷೆಯಾಗಿ ಬಿಡಿಸಿದಾಗ ಮಾತ್ರ 1500ರ ಸುತ್ತ ಒಂದು ಅಗಲವಾದ ದಿಬ್ಬವೂ ಎರಡು ಅಂಚುಗಳಲ್ಲಿ ತಗ್ಗುಗಳೂ ಕಾಣಿಸಿದವು. ಉಳಿಕೆ ಸೊನ್ನೆಯ ಮೇಲೆ ಕೆಳಗೆ ಗೊತ್ತುಗುರಿಯಿಲ್ಲದೆ ಚದುರಿರಬೇಕು. ಅದಕ್ಕೊಂದು ಆಕಾರವಿದೆಯೆಂದರೆ ಸೂತ್ರದಲ್ಲಿ ಏನೋ ತಪ್ಪಿದೆ ಎಂದರ್ಥ.

ಅಂಚಿನ ತಗ್ಗುಗಳಿಗೆ ನನ್ನ ಆತುರವೇ ಕಾರಣ. 1200ರಿಂದ 1750ರವರೆಗಿನ ತುಂಡನ್ನಷ್ಟೇ ಕತ್ತರಿಸಿಕೊಂಡಿದ್ದೆ. ಬಾಲ ಬೇಗ ಕರಗುವ ಗಂಟೆಯಾಕಾರದ ಗಾಸಿಯನ್ ಆಗಿದ್ದರೆ ಕೇಂದ್ರದಿಂದ ಎರಡು ಅಗಲದಷ್ಟು ದೂರದಲ್ಲಿ ಏನೂ ಉಳಿಯುವುದಿಲ್ಲ, ಲೊರೆಂಟ್ಜಿಯನ್ ಅಲ್ಲಿಯೂ ತನ್ನ ಎತ್ತರದ ಶೇ. 6ರಷ್ಟು ಉಳಿಸಿಕೊಂಡಿರುತ್ತದೆ. (ಅಗಲವೆಂದರೆ ಇಲ್ಲಿ ಅರ್ಧ ಎತ್ತರದಲ್ಲಿನ ಪೂರ್ಣ ಅಗಲ.) ಡಿ ಶೃಂಗದ ಅಗಲ 150ರಷ್ಟಿರುವಾಗ ನಾನು ತಳವೆಂದು ಭಾವಿಸಿದ್ದು ವಾಸ್ತವದಲ್ಲಿ ಅದರ ಬಾಲವಾಗಿತ್ತು. ವ್ಯಾಪ್ತಿಯನ್ನು 800ರಿಂದ 2000ಕ್ಕೆ ವಿಸ್ತರಿಸಿದ ಮೇಲೆ ಅಂಚುಗಳು ಸರಿಹೋದವು. ತಳವನ್ನು ಮೊದಲೇ ಕಳೆದುಬಿಡದೆ ಶೃಂಗಗಳ ಜೊತೆಯಲ್ಲೇ ಹೊಂದಿಸುವುದನ್ನು ಅಂದಿನಿಂದ ಬಿಟ್ಟಿಲ್ಲ.

ನಡುವಿನ ದಿಬ್ಬ ಹೋಗಲಿಲ್ಲ. ಕ್ರಮವಿಲ್ಲದ ಇಂಗಾಲ ಆ ಜಾಗದಲ್ಲಿ ಅಗಲವಾದ ಪಟ್ಟಿ ಕೊಡುತ್ತದೆಂಬುದು ತಿಳಿದ ವಿಷಯವಾದ್ದರಿಂದ ಅಲ್ಲೊಂದು ಗಾಸಿಯನ್ ಸೇರಿಸಿದೆ. ಉಳಿಕೆ ಬಹುಮಟ್ಟಿಗೆ ಸಮತಟ್ಟಾಯಿತು. ಆ ಉತ್ಸಾಹದಲ್ಲಿ ನಾಲ್ಕನೆಯದನ್ನೂ ಸೇರಿಸಿದೆ, ರೇಖೆ ಇನ್ನಷ್ಟು ಅಂದವಾಯಿತು. ಆದರೆ ಹೊಸ ಶೃಂಗದ ಎತ್ತರಕ್ಕಿಂತ ಅದರ ದೋಷದ ಅಂದಾಜೇ ದೊಡ್ಡದಿತ್ತು, ಅದರ ಅಗಲಕ್ಕೂ ತಳರೇಖೆಯ ಎತ್ತರಕ್ಕೂ ಇದ್ದ ಸಹಸಂಬಂಧ −1ರ ಸಮೀಪವಿತ್ತು. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿದರೂ ರೇಖೆ ಬದಲಾಗದಿದ್ದಲ್ಲಿ ಆ ಎರಡು ಸಂಖ್ಯೆಗಳಲ್ಲಿ ಯಾವುದನ್ನೂ ವರದಿ ಮಾಡುವಂತಿಲ್ಲ. ನಾಲ್ಕನೆಯದನ್ನು ತೆಗೆದುಹಾಕಿದೆ.

ಕೊನೆಗೆ ಡಿ ಮತ್ತು ಜಿ ಎತ್ತರಗಳ ಅನುಪಾತ 1.1 ಬಂತು, ವಿಸ್ತೀರ್ಣಗಳ ಅನುಪಾತ ಸುಮಾರು 2, ಏಕೆಂದರೆ ಜಿಯ ಅಗಲ 80ರಷ್ಟೇ ಇತ್ತು. ಯಾವ ಅನುಪಾತವೆಂದು ಹೇಳದೆ ಬರೆದ ಸಂಖ್ಯೆಯನ್ನು ಇನ್ನೊಬ್ಬರ ಸಂಖ್ಯೆಯೊಡನೆ ಹೋಲಿಸಲಾಗದು. ಹಾಗಾಗಿ ಉಳಿದ ಮಾದರಿಗಳನ್ನೆಲ್ಲ ಅದೇ ವ್ಯಾಪ್ತಿ, ಅದೇ ಮೂರು ಶೃಂಗ, ಅದೇ ಆರಂಭಿಕ ಬೆಲೆಗಳಿರುವ ಒಂದೇ ಸ್ಕ್ರಿಪ್ಟಿನಿಂದ ಮತ್ತೆ ಲೆಕ್ಕ ಹಾಕಿ, ಎರಡೂ ಅನುಪಾತಗಳನ್ನು ಕೋಷ್ಟಕದಲ್ಲಿ ಅಕ್ಕಪಕ್ಕ ಬರೆದಿಟ್ಟೆ.