ಯಾಕುಶಿಮಾ: ಹಳೆಯ ಮರಕ್ಕಿಂತ ಪಶ್ಚಿಮದ ರಸ್ತೆ ಮೇಲು

ಮಳೆ ಮತ್ತು ಕೋತಿ ನೋಡಲು ಜಪಾನಿಗೆ ಹೊರಟಿದ್ದೇನೆ ಎಂದಾಗ ಮನೆಯಲ್ಲಿ ಕೇಳಿದ್ದು ಒಂದೇ ಮಾತು: ಅದಕ್ಕೆ ಆಗುಂಬೆ ಸಾಲದೇ? ನ್ಯಾಯವಾದ ಪ್ರಶ್ನೆಯೇ. ಆದರೆ ಜಪಾನಿನ ದೊಡ್ಡ ದ್ವೀಪಗಳಲ್ಲೊಂದಾದ ಕ್ಯೂಶುವಿನ ದಕ್ಷಿಣಕ್ಕಿರುವ ಯಾಕುಶಿಮಾ ಎಂಬ ಈ ಪುಟ್ಟ ದ್ವೀಪದ ಕರಾವಳಿಯಲ್ಲಿ ಬಿಳಲು ಬಿಟ್ಟ ಆಲದ ಜಾತಿಯ ಮರಗಳಿವೆ. ನಡುವಿನ 1,936 ಮೀಟರ್ ಎತ್ತರದ ಮಿಯಾನೌರಾ ಶಿಖರದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. 1993ರಲ್ಲಿ ದ್ವೀಪದ ಒಂದು ಭಾಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬೆಂಗಳೂರು ಬಿಡುವ ಮೊದಲು ಮಾಡಿದ ಬುದ್ಧಿವಂತ ಕೆಲಸವೆಂದರೆ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡದ್ದು. ಜಪಾನಿನಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ಓಡಿಸುತ್ತಾರೆ. ಬೆಂಗಳೂರಿನಿಂದ ಟೋಕಿಯೋ, ಅಲ್ಲಿಂದ ಕ್ಯೂಶುವಿನ ಕಾಗೋಶಿಮಾ, ಅಲ್ಲಿಂದ ವೇಗದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಸಮುದ್ರ ಕೆರಳಿದರೆ ದೋಣಿ ಹೊರಡುವುದಿಲ್ಲ. ಹಾಗಾಗಿ ಮರಳುವ ವಿಮಾನಕ್ಕೂ ದೋಣಿಗೂ ನಡುವೆ ಒಂದು ದಿನ ಬಿಡುವು ಇಟ್ಟುಕೊಳ್ಳಲೇಬೇಕು.

ಎಲ್ಲರೂ ಹೋಗುವುದು ಜೋಮೋನ್ ಸುಗಿ ಎಂಬ ಹಳೆಯ ಜಪಾನಿ ದೇವದಾರು ಮರ ನೋಡಲು. ಸುತ್ತಳತೆ 16 ಮೀಟರಿಗೂ ಹೆಚ್ಚು; ವಯಸ್ಸಿನ ಅಂದಾಜು ಎರಡು ಸಾವಿರ ವರ್ಷಗಳಿಂದ ಏಳು ಸಾವಿರದವರೆಗೆ ಜಿಗಿಯುತ್ತದೆ. ನಸುಕಿಗೇ ಬಸ್ ಹಿಡಿದು, ಮರ ಸಾಗಿಸಲು ಹಾಕಿದ್ದ ಹಳೆಯ ಹಳಿಗಳ ಮೇಲೆ ನಡೆದು, ಹೋಗಿ ಬರುವಷ್ಟರಲ್ಲಿ ಸುಮಾರು 22 ಕಿಲೋಮೀಟರ್. ಕೊನೆಗೆ ಮರವನ್ನು ನೋಡುವುದು ದೂರದ ಅಟ್ಟಣಿಗೆಯಿಂದ, ಸರದಿ ನಿಂತು. ಮೊಣಕಾಲು ಗಟ್ಟಿಯಿದ್ದವರು ಹೋಗಲಿ. ನನಗೆ ಹಿಡಿಸಿದ್ದು ದಾರಿಯಲ್ಲಿ ಸಿಗುವ ಮೊಂಡು ಬುಡಗಳು. ಎದೋ ಕಾಲದಲ್ಲಿ (1603–1868) ಮನೆಯ ಮಾಡಿಗೆ ಹಲಗೆ ಸೀಳಲು ನೆಟ್ಟನೆಯ ಮರಗಳನ್ನೆಲ್ಲ ಕಡಿದರು. ಸೊಟ್ಟಗೆ, ಗಂಟುಗಂಟಾಗಿ ಬೆಳೆದವು ಯಾರಿಗೂ ಬೇಡವಾಗಿ ಉಳಿದುಕೊಂಡವು. ಗ್ರಾನೈಟ್ ಬಂಡೆಯ ಮೇಲಿನ ಬಡ ಮಣ್ಣಿನಲ್ಲಿ ನಿಧಾನವಾಗಿ ಬೆಳೆಯುವ ಈ ಮರದ ತಿರುಳಿನಲ್ಲಿ ರಾಳ ಹೆಚ್ಚು. ಹಾಗಾಗಿ ಆಗ ಕಡಿದ ಬುಡಗಳು ಇಂದಿಗೂ ಕೊಳೆತಿಲ್ಲ. ಅವುಗಳ ನೆತ್ತಿಯ ಮೇಲೆ ಹೊಸ ಮರಗಳೇ ಬೇರು ಬಿಟ್ಟಿವೆ. ಇದನ್ನೇ ಕಡಿಮೆ ಶ್ರಮದಲ್ಲಿ ನೋಡಬೇಕೆಂದರೆ ಪಾಚಿಯ ಕಣಿವೆ ಶಿರಾತಾನಿ ಉನ್ಸುಯ್‌ಕ್ಯೋಗೆ ಹೋಗಿ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು.

ಪ್ರಾಣಿಗಳಿಗಾಗಿ ಪಶ್ಚಿಮದ ಅರಣ್ಯ ರಸ್ತೆಗೆ ಹೋಗಬೇಕು. ಅಲ್ಲಿಗೆ ಊರ ಬಸ್ಸಿಲ್ಲ, ಸಂಜೆಯಾದರೆ ಗೇಟು ಮುಚ್ಚುತ್ತಾರೆ. ಪರವಾನಗಿ ಕೆಲಸಕ್ಕೆ ಬಂದದ್ದು ಇಲ್ಲಿ. ಕಾರೊಂದೇ ಹಿಡಿಸುವ ತಿರುವುಗಳಲ್ಲಿ ಕೋತಿಗಳ ಹಿಂಡು ರಸ್ತೆಯ ನಡುವೆಯೇ ಕುಳಿತು ಹೇನು ಹೆಕ್ಕುತ್ತಿತ್ತು. ಜಪಾನಿ ಕೋತಿಯ ಈ ಉಪಜಾತಿ ಯಾಕುಶಿಮಾ ಬಿಟ್ಟರೆ ಬೇರೆಲ್ಲೂ ಇಲ್ಲ. ದೇಹ ಚಿಕ್ಕದು, ಕೂದಲು ಒತ್ತು. ಎಂಜಿನ್ ನಿಲ್ಲಿಸಿ ಕುಳಿತೆ. ಒಂದು ಕೋತಿ ಕೊಂಬೆಯಲ್ಲಿ ಎಲೆ ಹರಿದು, ಅರ್ಧ ತಿಂದು, ಉಳಿದದ್ದನ್ನು ಕೆಳಗೆ ಬಿಡುತ್ತಿತ್ತು. ಮೊಣಕಾಲೆತ್ತರಕ್ಕಿಂತ ತುಸು ಹೆಚ್ಚಿದ್ದ ಜಿಂಕೆಯೊಂದು ಕಿವಿ ನಿಮಿರಿಸಿಕೊಂಡು, ಬಿದ್ದ ಸದ್ದಿಗೆ ಸರಿಯಾಗಿ ಎರಡು ಹೆಜ್ಜೆ ಇಟ್ಟು ಅದನ್ನು ಆರಿಸಿ ತಿನ್ನುತ್ತಿತ್ತು. ಬಂಡೀಪುರದಲ್ಲಿ ಮುಸುವಗಳ ಕೆಳಗೆ ಚುಕ್ಕೆ ಜಿಂಕೆಗಳು ಕಾಯುವುದನ್ನು ಕಂಡವರಿಗೆ ಈ ಹೊಂದಾಣಿಕೆ ಹೊಸದಲ್ಲ. ಹೊಸದೆಂದರೆ ಕೋತಿಗಳು ನನ್ನ ಕೈಯನ್ನಾಗಲಿ ಚೀಲವನ್ನಾಗಲಿ ನೋಡಲೇ ಇಲ್ಲ. ನಂದಿಬೆಟ್ಟದಲ್ಲಿ ಚುರುಮುರಿ ಕಳೆದುಕೊಂಡವರಿಗೆ ಇದು ನಂಬುವ ಮಾತಲ್ಲ. ಯಾಕುಶಿಮಾದಲ್ಲಿ ಕೋತಿಗಳಿಗೆ ಆಹಾರ ಕೊಡಬಾರದೆಂಬ ನಿಯಮವಿದೆ. ದಯವಿಟ್ಟು ನಾವು ಹೋಗಿ ಕೆಡಿಸುವುದು ಬೇಡ.

ಕಡಲಾಮೆ ನೋಡಬೇಕೆನ್ನುವವರು ಮೇ ಮತ್ತು ಜುಲೈ ನಡುವೆ ಹೋಗಬೇಕು. ನಾಗಾತಾ ಮರಳದಂಡೆಗೆ ಆಗ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಟಾರ್ಚು, ಫ್ಲ್ಯಾಶು ಹಿಡಿದು ದಂಡೆಗೆ ಇಳಿಯುವಂತಿಲ್ಲ. ಆದರೆ ಜೂನ್ ಅಲ್ಲಿ ಮಳೆಗಾಲವೂ ಹೌದು, ಬೆಟ್ಟದಲ್ಲಿ ಜಿಗಣೆಗಳೂ ಉಂಟು. ಮಲೆನಾಡಿನ ಅಭ್ಯಾಸದಂತೆ ಉದ್ದ ಕಾಲುಚೀಲ ಒಯ್ಯಿರಿ.

ಸಸ್ಯಾಹಾರಿಗಳಿಗೆ ಪರದಾಟ ತಪ್ಪಿದ್ದಲ್ಲ. ದ್ವೀಪದ ವಿಶೇಷವೇ ಹಾರುವ ಮೀನು, ಸಾರಿನಲ್ಲೂ ಮೀನಿನ ರಸ. ನನ್ನನ್ನು ಕಾಪಾಡಿದ್ದು ಅವಲಕ್ಕಿ ಮತ್ತು ಹುರಿಗಡಲೆ ಚಟ್ನಿಪುಡಿ. ಕಾಡಿನ ದಾರಿಗೆ ಕಟ್ಟಿಕೊಳ್ಳಲೂ ಅದೇ ಸಲೀಸು.