ಎಂಕ್ಯೂ ವರ್ಷನ್ ಪಟ್ಟಿ: ಕಲಬುರಗಿಯಲ್ಲೇ ಕೂತು ಮಾಡಿದ್ದು (ನನ್ನ ಅನುಭವ)

ಐಬಿಎಂ ಎಂಕ್ಯೂ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್) ಇರುವ ಅರವತ್ತು-ಎಪ್ಪತ್ತು ಲಿನಕ್ಸ್ ಸರ್ವರ್. ಯಾವುದರಲ್ಲಿ ಯಾವ ವರ್ಷನ್ ಇದೆ ಅನ್ನೋ ಪಟ್ಟಿ ಬೇಕಿತ್ತು. ಬೆಂಗಳೂರಿನ ಒಂದು ಕಂಪನಿ ಎಲ್ಲ ಕಡೆ ಏಜೆಂಟ್ (ಸರ್ವರ್‌ನಲ್ಲೇ ಕೂತು ಮಾಹಿತಿ ಕಳಿಸುವ ಸಣ್ಣ ಪ್ರೋಗ್ರಾಂ) ಹಾಕ್ತೀವಿ ಅಂತ ಎರಡೂವರೆ ಲಕ್ಷದ ಹತ್ತಿರ ಕೇಳಿತ್ತು. ನಾನು ಸೇಡಂ ರಸ್ತೆಯ ನನ್ನ ಕೋಣೆಯಿಂದ ಬರೀ ಕಮಾಂಡ್ ಲೈನ್‌ನಲ್ಲಿ, ಸುಮಾರು ಮೂವತ್ತೈದು ಸಾವಿರಕ್ಕೆ ಮಾಡಿಕೊಡ್ತೀನಿ ಅಂದೆ. ಆಗಲ್ಲ ಅಂದವರೇ ಜಾಸ್ತಿ. ಆಯಿತು.

ಶುರುವಿನಲ್ಲಿ ಪ್ಯಾಕೇಜ್ ಪಟ್ಟಿ ತೆಗೆದೆ. ರೆಡ್ ಹ್ಯಾಟ್ ತರಹದ ಲಿನಕ್ಸ್ ಬಳಸುವ ಆರ್‌ಪಿಎಂ ಪ್ಯಾಕೇಜ್‌ನಲ್ಲಿ ಇವತ್ತಿಗೂ ಎಂಕ್ಯೂದ ಹಳೆಯ ಹೆಸರು ಎಂಕ್ಯೂಸೀರೀಸ್ ಅಂತಲೇ ಇರುತ್ತದೆ. ಉಬುಂಟುವಿನಲ್ಲಿ ಐಬಿಎಂಎಂಕ್ಯೂ ಅಂತ ಶುರುವಾಗುತ್ತದೆ, ಹಾಗಾಗಿ ಅದೇ ಸ್ಕ್ರಿಪ್ಟ್ ಅಲ್ಲಿ ಖಾಲಿ ಬಂತು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಟಾರ್ (ಕಟ್ಟು ಕಟ್ಟಿದ ಫೈಲ್) ಬಿಚ್ಚಿ ಇಟ್ಟ ಕ್ಲೈಂಟ್‌ಗಳು, ಅಂದರೆ ಸರ್ವರ್‌ಗೆ ಸಂಪರ್ಕಿಸುವ ಎಂಕ್ಯೂ ಭಾಗಗಳು. ಅವು ಯಾವ ಪ್ಯಾಕೇಜ್ ಪಟ್ಟಿಗೂ ಬರಲ್ಲ. ಎರಡು ವಾರದ ಕೆಲಸ ಹೆಚ್ಚು ಕಡಿಮೆ ನೀರುಪಾಲು.

ಆಮೇಲೆ ಎಂಕ್ಯೂ ವರ್ಷನ್ ತೋರಿಸುವ ಕಮಾಂಡ್ ಡಿಎಸ್‌ಪಿಎಂಕ್ಯೂವರ್ ಹಿಡಿದೆ. ಸುಮ್ನೆ ಓಡಿಸಿದರೆ ಪಾತ್‌ನಲ್ಲಿರುವ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಒಂದೇ ಇನ್‌ಸ್ಟಾಲೇಶನ್ ಕಾಣುತ್ತದೆ. ಎಂಕ್ಯೂ 7.1 ಬಂದ ಮೇಲೆ ಒಂದೇ ಯಂತ್ರದಲ್ಲಿ ಹಲವು ಇರಬಹುದಲ್ವಾ? ಮೈನಸ್ ಐ ಹಾಕಿ, ಎಲ್ಲವೂ ಬರುತ್ತವೆ. ನಮ್ಮ ನೆಟ್ ನಿಧಾನ. ಅದಕ್ಕೆ ಒಂದೊಂದೇ ಇನ್‌ಸ್ಟಾಲೇಶನ್ ನೋಡುವಾಗ ಮೈನಸ್ ಬಿ, ಮೈನಸ್ ಎಫ್ 2 ಹಾಕಿದೆ, ಬರೀ ನಂಬರ್ ಬರುತ್ತದೆ. 9.0ರಿಂದ ಈಚೆಗಿನವುಗಳಲ್ಲಿ ಮೂರನೇ ಅಂಕಿ ಸೊನ್ನೆ ಇದ್ದರೆ ದೀರ್ಘಾವಧಿ ಬೆಂಬಲದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಟಾರ್‌ನಿಂದ ಬಂದವಕ್ಕೆ ಫೈಂಡ್ ಕಮಾಂಡ್‌ನಿಂದ ಡಿಸ್ಕ್ ಪೂರ್ತಿ ಜಾಲಾಡಿದೆ. ಹಗಲು ಹೊತ್ತಿನಲ್ಲಿ ಸರ್ವರ್‌ಗೆ ಭಾರ ಬೀಳದಂತೆ ಅದನ್ನು ಓಡಿಸುವ ರೀತಿ ನನ್ನ ಹತ್ತಿರವೇ ಇರಲಿ, ನನ್ನ ಅನ್ನ ಅದರಲ್ಲಿದೆ.

ಗಿರಾಕಿಗೆ ನಿಜವಾಗಿ ಬೇಕಿದ್ದದ್ದು ಬೇರೆ: ಯಾವ ಕ್ಯೂ ಮ್ಯಾನೇಜರ್ (ಸಂದೇಶಗಳ ಸಾಲುಗಳನ್ನು ನೋಡಿಕೊಳ್ಳುವ ಎಂಕ್ಯೂ ಭಾಗ) ಯಾವ ವರ್ಷನ್‌ನಲ್ಲಿ ಓಡುತ್ತಿದೆ? ಅದಕ್ಕೆ ಡಿಎಸ್‌ಪಿಎಂಕ್ಯೂ ಮೈನಸ್ ಓ ಇನ್‌ಸ್ಟಾಲೇಶನ್. ಓಡುತ್ತಿರುವುದನ್ನು ರನ್‌ಎಂಕ್ಯೂಎಸ್‌ಸಿ (ಕ್ಯೂ ಮ್ಯಾನೇಜರ್‌ಗೆ ಆಜ್ಞೆ ಕೊಡುವ ಉಪಕರಣ) ಒಳಗೆ ಡಿಸ್‌ಪ್ಲೇ ಕ್ಯೂಎಂಜಿಆರ್ ವರ್ಷನ್ ಅಂತಲೂ ಕೇಳಿದೆ. 09030005 ಅಂತ ಬಂದರೆ ಅದು 9.3.0.5. ಇಲ್ಲಿ ಅಂದಾಜು ನಡೆಯಲ್ಲ. ಹೊಸ ವರ್ಷನ್‌ನಲ್ಲಿ ಒಮ್ಮೆ ಸ್ಟಾರ್ಟ್ ಆದ ಕ್ಯೂ ಮ್ಯಾನೇಜರನ್ನು ಬ್ಯಾಕಪ್ ಇಲ್ಲದೆ ಹಳೆಯದಕ್ಕೆ ಇಳಿಸೋಕಾಗಲ್ಲ.

ನಡುವೆ ಮನೆಯ ಯಂತ್ರದಲ್ಲಿ ರ‍್ಯಾಬಿಟ್‌ಎಂಕ್ಯೂ (ಇದೇ ಥರದ ಇನ್ನೊಂದು ಸಾಫ್ಟ್‌ವೇರ್) ಕೂಡ ನೋಡಿದೆ. ಅಲ್ಲಿಯೂ ಇದೇ ಕಥೆ. ರ‍್ಯಾಬಿಟ್‌ಎಂಕ್ಯೂಸಿಟಿಎಲ್ ವರ್ಷನ್ ಹೇಳುವುದು ಕಮಾಂಡ್ ಉಪಕರಣದ ವರ್ಷನ್. ಓಡುವ ನೋಡ್‌ನದ್ದು (ಸರ್ವರ್‌ನದ್ದು) ಬೇಕಾದರೆ ರ‍್ಯಾಬಿಟ್‌ಎಂಕ್ಯೂ ಡಯಾಗ್ನಾಸ್ಟಿಕ್ಸ್‌ನ ಸರ್ವರ್ ವರ್ಷನ್ ಕೇಳಬೇಕು.

ಪಟ್ಟಿಯಲ್ಲಿ 2020ರಲ್ಲೇ ಮಾಮೂಲಿ ಬೆಂಬಲ ನಿಂತುಹೋದ ಐಬಿಎಂ ಎಂಕ್ಯೂ 8.0 ಮೂರ್ನಾಲ್ಕು ಕಡೆ ಸಿಕ್ಕಿತು, ಅದೂ ಬಿಲ್ಲಿಂಗ್ ಓಡುವ ಯಂತ್ರಗಳಲ್ಲಿ. ಅವನ್ನು ಮೇಲೇರಿಸುವ ಕೆಲಸವೂ ಈಗ ನನಗೇ ಬಂದಿದೆ, ಈ ಸಲ ಲಕ್ಷದ ಮೇಲೆ.