ಕೈಯ ಇಸುಬು: ಅಲರ್ಜಿಯೋ, ಬರೀ ಸೋಪಿನ ಉರಿಯೋ?

ಚರ್ಮದ ವೈದ್ಯೆಯಾದ ನನ್ನ ಮುಂದೆ ಕೈಯ ಇಸುಬಿನವರು ಕೂತರೆ ಮೊದಲ ಮಾತು ಒಂದೇ: "ಯಾವುದರ ಅಲರ್ಜಿ ಅಂತ ಹೇಳಿಬಿಡಿ ಡಾಕ್ಟ್ರೇ." ಅಷ್ಟರಲ್ಲಾಗಲೇ ಬದನೆಕಾಯಿ ಬಿಟ್ಟಿರುತ್ತಾರೆ, ಮೊಟ್ಟೆ ಬಿಟ್ಟಿರುತ್ತಾರೆ. ಸುಮ್ನೆ ಬಾಯಿ ಕಟ್ಟಿರುತ್ತಾರೆ ಪಾಪ. ಆದರೆ ಕೈಗೆ ಬರುವ ಇಸುಬಿನಲ್ಲಿ ಅಲರ್ಜಿಯದ್ದಲ್ಲದ್ದೇ ಜಾಸ್ತಿ. ನೀರು, ಸೋಪು ದಿನವಿಡೀ ತಾಗಿ ಚರ್ಮದ ಎಣ್ಣೆಯಂಶ ಹೋಗಿ ಬರುವಂಥದ್ದು. ಅಷ್ಟು ಸೋಪು ತಾಗಿದರೆ ಯಾರ ಕೈಗಾದರೂ ಬರಬಹುದು.

ನಾನು ಮೊದಲು ಎರಡೂ ಕೈ ಚಾಚಲು ಹೇಳುತ್ತೇನೆ. ಪಾತ್ರೆ ತೊಳೆಯುವವರಲ್ಲಿ ಬೆರಳ ಸಂದಿ, ಉಂಗುರದ ಅಡಿ, ಅಂದರೆ ಸೋಪು ಉಳಿದುಕೊಳ್ಳುವ ಕಡೆ ಶುರುವಾಗಿರುತ್ತದೆ. ಚರ್ಮ ಒಣಗಿ ಬಿರಿದಿರುತ್ತದೆ. ಉರಿ ಮುಂದೆ, ತುರಿಕೆ ಹಿಂದೆ. ಅಲರ್ಜಿಯಾದರೆ ತುರಿಕೆಯೇ ಜೋರು. ಸಣ್ಣ ನೀರುಗುಳ್ಳೆ ಏಳುತ್ತವೆ, ತಾಗಿದ ಜಾಗ ದಾಟಿ ಆಚೆಗೂ ಹರಡುತ್ತದೆ.

ಹೋಟೆಲಿನಲ್ಲಿ ಅಡುಗೆ ಮಾಡುವ ಒಬ್ಬಾಕೆ ಬಂದಿದ್ದರು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಮಾತ್ರ ಒಡೆದಿತ್ತು. ಬಲಗೈಗೆ ಏನೂ ಇಲ್ಲ. "ಬೆಳ್ಳುಳ್ಳಿ ಹೇಗೆ ಹೆಚ್ಚುತ್ತೀರಮ್ಮಾ, ತೋರಿಸಿ" ಅಂದೆ. ಎಡಗೈಯಲ್ಲಿ ಎಸಳು ಹಿಡಿದಂತೆ ಮಾಡಿ ಬಲಗೈಯಲ್ಲಿ ಚಾಕು ಆಡಿಸಿದರು. ಸೋಪಿನದ್ದಾಗಿದ್ದರೆ ಎರಡೂ ಕೈಗೆ ಬರಬೇಕಿತ್ತು ಅಲ್ವಾ? ಹಾಗಂತ ಅಲ್ಲಿಗೇ ಮುಗಿಸುವಂತಿರಲಿಲ್ಲ. ಹಸಿ ಬೆಳ್ಳುಳ್ಳಿಯ ಖಾರ ಅಲರ್ಜಿ ಇಲ್ಲದವರ ಚರ್ಮವನ್ನೂ ಸುಡುತ್ತದೆ. ಅದಕ್ಕೇ ಪ್ಯಾಚ್ ಟೆಸ್ಟ್ ಹಾಕಿದೆ.

ಅನುಮಾನದ ವಸ್ತುಗಳನ್ನು ಸಣ್ಣ ಬಟ್ಟಲುಗಳಲ್ಲಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಟೇಪಿನಿಂದ ಅಂಟಿಸುತ್ತೇವೆ. 48 ಗಂಟೆ ಬೆನ್ನಿಗೆ ನೀರು ತಾಗಬಾರದು. ತೆಗೆದ ದಿನವೇ ಕೆಂಪಾಗಿದೆ ಅಂತ ಜನ ಖುಷಿಪಡುತ್ತಾರೆ, ಕಾರಣ ಸಿಕ್ಕಿತು ಅಂತ. ನಾನು ಮಾತ್ರ ಅಂಟಿಸಿದ 96 ಗಂಟೆಗೆ ಮತ್ತೆ ಬರಲೇಬೇಕು ಅಂತ ಹಟ ಹಿಡಿಯುತ್ತೇನೆ. ಉರಿತದ ಕೆಂಪು ಸಾಮಾನ್ಯವಾಗಿ ಅಷ್ಟರಲ್ಲಿ ಇಳಿಯುತ್ತದೆ. ಅಲರ್ಜಿಯದ್ದು ಉಳಿಯುತ್ತದೆ, ಎಷ್ಟೋ ಸಲ ಏರುತ್ತದೆ. ಬೆರಳಿಂದ ಸವರಿದರೆ ದಪ್ಪಗೆ ತಗಲುತ್ತದೆ, ಮೇಲೆ ಸಣ್ಣ ಗುಳ್ಳೆಗಳಿರುತ್ತವೆ. ಆಕೆಯ ಬೆನ್ನಲ್ಲಿ ಬೆಳ್ಳುಳ್ಳಿಯಲ್ಲಿರುವ ಡೈಯಾಲಿಲ್ ಡೈಸಲ್ಫೈಡ್ ಅನ್ನುವ ರಾಸಾಯನಿಕ ಹಾಕಿದ ಜಾಗ ಹಾಗೇ ಎದ್ದಿತ್ತು. ಇದು ರಬ್ಬರ್ ಗ್ಲೌಸನ್ನೂ ದಾಟಿ ಬರುತ್ತದೆ. ಹಾಗಾಗಿ ಗ್ಲೌಸ್ ನಂಬಬೇಡಿ, ಬೆಳ್ಳುಳ್ಳಿ ಕೆಲಸ ಬೇರೆಯವರಿಗೆ ಕೊಡಿಸಿ ಅಂದೆ.

ದುಡ್ಡು ಸುರಿದು ರಕ್ತದ ಅಲರ್ಜಿ ರಿಪೋರ್ಟ್ ತರುವವರನ್ನು ಕಂಡರೆ ಸಂಕಟವಾಗುತ್ತದೆ. ಅದು ಹುಡುಕುವುದು ರಕ್ತದಲ್ಲಿರುವ ಐಜಿಇ ಅನ್ನುವ ಪ್ರತಿಕಾಯವನ್ನು. ತಾಗಿ ಬರುವ ಈ ಅಲರ್ಜಿ ಟಿ ಜೀವಕೋಶ ಅನ್ನುವ ಬಿಳಿ ರಕ್ತಕಣಗಳದ್ದು, ಅದರಲ್ಲಿ ಸಿಗುವುದೇ ಇಲ್ಲ.

ನನಗೆ ಜಾಸ್ತಿ ಸಮಯ ಹಿಡಿಯುವವರು ಗಾರೆ ಕೆಲಸದವರು. ಸಿಮೆಂಟ್ ಎರಡೂ ಮಾಡುತ್ತದೆ. ಹಸಿ ಸಿಮೆಂಟಿನ ಕ್ಷಾರ ಯಾರ ಚರ್ಮವನ್ನಾದರೂ ಕೊರೆಯುತ್ತದೆ. ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಮಾತ್ರ ಅಲರ್ಜಿ ತರುತ್ತದೆ. ಒಂದೇ ಕೈಯಲ್ಲಿ ಎರಡೂ ಇರುವುದು ಅಪರೂಪವೇನಲ್ಲ. ಬಿರುಕು ಬಿಟ್ಟ ಚರ್ಮದಲ್ಲಿ ಕ್ರೋಮಿಯಂ ಸಲೀಸಾಗಿ ಒಳಗಿಳಿಯುತ್ತದೆ. ಕೆಲಸ ಬಿಟ್ಟು ಊರಲ್ಲಿದ್ದಾಗ ಹೇಗಿತ್ತು ಅಂತ ಕೇಳುತ್ತೇನೆ. ಬರೀ ಉರಿತದ್ದಾದರೆ ಬೇಗ ಇಳಿದಿರುತ್ತದೆ. ಇಳಿಯದಿದ್ದರೆ ಚಪ್ಪಲಿ ಬಿಚ್ಚಿಸಿ ಪಾದ ನೋಡುತ್ತೇನೆ, ಚಪ್ಪಲಿಯ ಚರ್ಮ ಹದಮಾಡುವುದಕ್ಕೂ ಕ್ರೋಮಿಯಂ ಬಳಸುತ್ತಾರೆ. ಪಾದದ ಮೇಲೆ ಚಪ್ಪಲಿಪಟ್ಟಿಯ ಅಚ್ಚಿನಲ್ಲೇ ಇಸುಬು ಕಂಡರೆ ಕ್ರೋಮಿಯಂ ಇರುವ ಪೊಟ್ಯಾಸಿಯಂ ಡೈಕ್ರೋಮೇಟಿನ ಪ್ಯಾಚ್ ಹಾಕಿಯೇ ಕಳಿಸುತ್ತೇನೆ.